ಎಡಗಡೆಯ ಹೊಗಳಿಕೆ

ಅಂಬುಜಾಗೆ ಈ ವಯಸ್ಸಿನಲ್ಲಿ ಮಾತು ಬಂತು ಎಂದು ನೆಂಟರಿಷ್ಟರೆಲ್ಲ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅಪ್ಪರ್ ಹಟ್ ಎಂಬ ಊರಿನ ಶಾಲೆಯೊಂದರ ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಹೆಂಗಸು, ಒಂದು ಮಾತನ್ನು ಎರಡು ಸಲ ಮಗುಚಿ ನೋಡಿ ಆಮೇಲೆ ಆಡುತ್ತಿದ್ದವಳು, ಈಗ ಮನೆಯೂ ಗಾಡಿಯೂ ಒಂದೇ ಆದ ಮೋಟರ್‌ಹೋಮಿನಲ್ಲಿ ಕೂತಳೆಂದರೆ ದಾರಿಯುದ್ದಕ್ಕೂ ಏನಾದರೊಂದು ಹೇಳುತ್ತಲೇ ಇರುತ್ತಿದ್ದಳು. ಎಡಗಡೆಯ ಕುರಿಮಂದೆ ಎಷ್ಟು ಬೆಳ್ಳಗಿದೆ ನೋಡಿ. ಆ ಸೈಕಲ್ಲಿನ ಹುಡುಗಿಯ ಕೆಂಪು ಟೋಪಿ ಚೆನ್ನಾಗಿದೆ ಅಲ್ವಾ. ಅಗೋ, ಅಲ್ಲೊಬ್ಬರು ತಾತ ನಾಯಿ ಹಿಡಿದುಕೊಂಡು ರಸ್ತೆ ದಾಟುವುದಕ್ಕೆ ನಿಂತಿದ್ದಾರೆ, ಪಾಪ.

"ನೋಡಿದೆ ಕಣೇ," ಎನ್ನುತ್ತಿದ್ದ ಗಂಡ ಚಂದ್ರಮೌಳಿ, ವೇಗ ಇಳಿಸುತ್ತ.

ಅವನು ನೋಡಿರುತ್ತಿರಲಿಲ್ಲ. ಅದು ಅಂಬುಜಾಗೆ ಗೊತ್ತಿತ್ತು. ಅವನಿಗೇ ಗೊತ್ತಿರಲಿಲ್ಲ.

ಇದು ಶುರುವಾದದ್ದು ಎರಡು ವರ್ಷದ ಹಿಂದೆ. ಅಪ್ಪರ್ ಹಟ್‌ನ ಮನೆ ಮಾರಿ, ಬಿಳಿ ಬಣ್ಣದ ಹಳೆಯ ಮೋಟರ್‌ಹೋಮೊಂದನ್ನು ಕೊಂಡು, ಅದಕ್ಕೆ 'ಬಂಡಿ' ಎಂದು ಹೆಸರಿಟ್ಟುಕೊಂಡು ಅವರಿಬ್ಬರೂ ಊರೂರು ಸುತ್ತತೊಡಗಿ ಆಗ ಒಂದು ವರ್ಷ ಕಳೆದಿತ್ತು. ದಕ್ಷಿಣ ದ್ವೀಪದ ಕಿರಿದಾದ ಸೇತುವೆಯೊಂದರ ಬಾಯಲ್ಲಿ, ಎಡಬದಿಯಲ್ಲಿ ಸೈಕಲ್ ನಿಲ್ಲಿಸಿಕೊಂಡಿದ್ದವನೊಬ್ಬನ ಕಡೆಗೆ ಚಂದ್ರಮೌಳಿ ಏನೂ ಇಲ್ಲವೆಂಬಂತೆ ಗಾಡಿ ಒಯ್ದ. ಅಂಬುಜಾ "ಸೈಕಲ್" ಎಂದಳು. ಅವನು ಸ್ಟಿಯರಿಂಗ್ ಎಳೆದು, "ನೋಡಿದೆ, ನೋಡಿದೆ, ಕಿರುಚಬೇಡ," ಎಂದು ರೇಗಿದ. ಅವಳು ಕಿರುಚಿರಲಿಲ್ಲ. ಅವನ ಮುಖವನ್ನೇ ನೋಡುತ್ತ ಕೂತಳು. ಅದರಲ್ಲಿ ಸುಳ್ಳಿರಲಿಲ್ಲ. ಅವಳ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಅವನು ತಲೆ ತಿರುಗಿಸಿದ್ದ, ಕಂಡಿದ್ದ, ಮೊದಲಿಂದಲೂ ಕಂಡಿದ್ದೆ ಎಂದು ನಂಬಿದ್ದ.

ಈ ದೇಶದಲ್ಲೂ ನಮ್ಮೂರಿನಂತೆ ರಸ್ತೆಯ ಎಡಕ್ಕೇ ಓಡಿಸುವುದು. ಓಡಿಸುವವನು ಬಲಕ್ಕೆ, ಪಕ್ಕದವಳು ಎಡಕ್ಕೆ. ಹಾಗಾಗಿ ಅವನಿಗೆ ಕಾಣದ ಬದಿ ಪೂರ್ತಿಯಾಗಿ ಅವಳ ಪಾಲಿಗೆ ಬಂತು. ಎಚ್ಚರಿಕೆ ಕೊಟ್ಟರೆ ಅವನು ರೇಗುತ್ತಿದ್ದ. ಹೊಗಳಿದರೆ ಸುಮ್ಮನೆ ನೋಡುತ್ತಿದ್ದ. ಒಂದೆರಡು ತಿಂಗಳಲ್ಲಿ ಅಂಬುಜಾ ಎಚ್ಚರಿಕೆಯನ್ನೆಲ್ಲ ಹೊಗಳಿಕೆ ಮಾಡಿಕೊಂಡಳು. ಮಾತನ್ನು ಎಲ್ಲಿ, ಎಷ್ಟು ಮುಂಚೆ ಆಡಬೇಕೆಂಬುದು ರೂಢಿಯಾಯಿತು. ಮೊಮ್ಮಗಳು ನಿಧಿ ಬಂಡಿಯಲ್ಲಿ ಒಂದು ಸುತ್ತು ಹೋಗಿಬಂದು, "ಅಜ್ಜಿ ಈಸ್ ಲೈಕ್ ಎ ಟೂರ್ ಗೈಡ್," ಎಂದು ನಕ್ಕಿದ್ದಳು.

ಒಂದು ಸಲ ಯಾವುದೋ ಊರಿನ ಲೈಬ್ರರಿಯಲ್ಲಿ ಕೂತು ಅವಳು ಕಣ್ಣಿನ ಇಂಥ ಕಾಯಿಲೆಯೊಂದರ ಬಗ್ಗೆ ಓದಿದ್ದೂ ಉಂಟು. ನೇರಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಬದಿಯ ನೋಟ ಮಾತ್ರ ಸದ್ದಿಲ್ಲದೆ ಸವೆಯುತ್ತದೆ; ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಬೇಗ ಔಷಧಿ ಹಾಕಿ ಉಳಿಸಿಕೊಳ್ಳಬಹುದು ಎಂದು ಅಲ್ಲಿ ಬರೆದಿತ್ತು. ಅಂಬುಜಾ ಪುಸ್ತಕವನ್ನು ಮುಚ್ಚಿ, ಹಳೆಯ ಅಭ್ಯಾಸದಂತೆ ಅದರ ಜಾಗದಲ್ಲೇ ಇಟ್ಟು ಬಂದಿದ್ದಳು.

ಇಲ್ಲಿ ಡಿಸೆಂಬರಿಗೆ ಬರುವ ಬೇಸಿಗೆಯ ರಜೆಗೆ ಈ ಸಲ ಅವರು ತಮ್ಮ ಹಳೆಯ ಊರು ಅಪ್ಪರ್ ಹಟ್‌ನಿಂದ ಹೊರಟು, ದಾರಿಯಲ್ಲಿ ಹಳೆಯ ಪರಿಚಯದವರ ಮನೆಗಳಲ್ಲಿ ಒಂದೊಂದು ಊಟ ಮುಗಿಸಿ, ಕ್ರಿಸ್ಮಸ್ಸಿನ ಮುಂಚಿನ ದಿನ ಆಕ್ಲೆಂಡ್ ತಲುಪಿದರು. ಮಗಳು ಅಪೂರ್ವಾಳ ಮನೆ ಅಲ್ಲಿನ ಮೌಂಟ್ ಆಲ್ಬರ್ಟ್‌ನಲ್ಲಿ. ಬಂಡಿಯ ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಲ್ಲಿ ಅಂಟಿಸಿದ್ದ ಒಂದು ಫಾರಂ ದಾರಿಯುದ್ದಕ್ಕೂ ಅಲುಗಾಡುತ್ತ ಅವರ ಜೊತೆಗೇ ಬಂದಿತ್ತು. ಜನವರಿ ಹನ್ನೆರಡಕ್ಕೆ ಚಂದ್ರಮೌಳಿಗೆ ಎಪ್ಪತ್ತೈದು ತುಂಬುತ್ತಿತ್ತು. ಎಪ್ಪತ್ತೈದಾದವರು ಲೈಸೆನ್ಸ್ ಮುಂದುವರಿಸಬೇಕಾದರೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಅಪೂರ್ವಾ ತನ್ನ ಡಾಕ್ಟರ ಹತ್ತಿರವೇ ಆರನೇ ತಾರೀಖಿಗೆ ಸಮಯ ಗೊತ್ತುಮಾಡಿದ್ದಳು.

"ನೀನೂ ಒಳಗೆ ಬಾ," ಎಂದಿದ್ದ ಚಂದ್ರಮೌಳಿ. "ಹೇಗೆ ಓಡಿಸ್ತಾರೆ ಅಂತ ಮನೆಯವರನ್ನ ಕೇಳ್ತಾರಂತೆ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹೇಳು."

ಕ್ರಿಸ್ಮಸ್ ದಿನ ಊಟವಾದ ಮೇಲೆ ಅಪೂರ್ವಾ ತಾಯಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಮನೆಯಿಂದ ಬೇರೆಯಾಗಿ ಕಟ್ಟಿದ ಒಂಟಿ ಕೋಣೆಯ ಸ್ಲೀಪ್‌ಔಟ್ ಇತ್ತು. ಹೋದ ವರ್ಷ ಅದರ ತುಂಬ ಸೈಕಲ್ಲು, ಹಳೆಯ ಪೆಟ್ಟಿಗೆ. ಈಗ ಗೋಡೆಗೆ ಹೊಸ ಬಣ್ಣ ಬಳಿದಿತ್ತು. ಎರಡು ಮಂಚ, ಒಂದು ಪುಟ್ಟ ಒಲೆ, ಗೋಡೆಗೆ ಹಿಡಿದುಕೊಳ್ಳುವ ಸರಳು ಹಾಕಿದ ಬಚ್ಚಲು, ಮೂಲೆಯಲ್ಲಿ ದೇವರಿಗೆಂದು ಒಂದು ಹಲಗೆ.

"ಅರ್ಜೆಂಟೇನಿಲ್ಲ ಅಮ್ಮ. ಜಸ್ಟ್ ಇನ್ ಕೇಸ್," ಎಂದಳು ಅಪೂರ್ವಾ.

ಅಂಬುಜಾ ಚೆನ್ನಾಗಿದೆ ಎಂದಳು. ನಿಜವಾಗಿಯೂ ಚೆನ್ನಾಗಿತ್ತು. ಬಂಡಿಯ ಜೀವನವನ್ನು ಅವಳು ಗಂಡನಿಗಾಗಿ ಸಹಿಸಿಕೊಂಡಿದ್ದಾಳೆ ಎಂದು ಮಗಳು ತಿಳಿದಿದ್ದಳು; ಎಲ್ಲರೂ ಹಾಗೆಯೇ ತಿಳಿದಿದ್ದರು. ಮೊದಲಿನ ಮನೆಯಲ್ಲಿ ಅಂಬುಜಾ ಪ್ರತಿ ರಾತ್ರಿ ಮೂರು ಸಲ ಎದ್ದು ಬಾಗಿಲು, ಒಲೆ, ನಲ್ಲಿ ನೋಡಿ ಬರುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಬಂಡಿಯಲ್ಲಿ ಹಾಸಿಗೆಯ ಮೇಲೆ ಕೂತರೆ ಅಕ್ಕಿ ಡಬ್ಬಿ, ಗ್ಯಾಸಿನ ಗುಂಡಿ, ಬಾಗಿಲ ಚಿಲಕ, ಮಲಗಿದ ಗಂಡ, ಎಲ್ಲ ಒಂದೇ ನೋಟಕ್ಕೆ ಸಿಗುತ್ತಿತ್ತು. ಅರವತ್ತೊಂಬತ್ತು ವರ್ಷದಲ್ಲಿ ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆಂದರೆ ಈ ಮೂರೇ ವರ್ಷ.

ಇಪ್ಪತ್ತೇಳನೆಯ ತಾರೀಖು ಅದೇ ಊರಿನ ಒನೆಹುಂಗಾ ಬಡಾವಣೆಯಲ್ಲಿದ್ದ, ಚಂದ್ರಮೌಳಿಯ ಗೆಳೆಯ ಭೀಮಸೇನನ ಮನೆಗೆ ಹೋಗುವುದೆಂದಾಗಿತ್ತು. ಭೀಮಸೇನ ಧಾರವಾಡದವನು, ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು ಬಂದು ಇಪ್ಪತ್ತೊಂದು ವರ್ಷ ಆಕ್ಲೆಂಡಿನಲ್ಲಿ ಸಿಟಿ ಬಸ್ಸು ಓಡಿಸಿದವನು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಅವರನ್ನು ಕರೆದೊಯ್ಯಲೆಂದು ಬೆಳಗ್ಗೆಯೇ ಬಸ್ಸು ಹಿಡಿದು ಮೌಂಟ್ ಆಲ್ಬರ್ಟ್‌ಗೆ ಬಂದ. ಬಂಡಿಯಲ್ಲಿ ಊಟದ ಮೇಜಿನ ಹಿಂದೆ ಬೆಲ್ಟ್ ಹಾಕಿಕೊಂಡು ಕೂತು, ಪ್ರಯಾಣಿಕನಾಗಿ ಕೂತರೆ ತನಗೆ ಕಾಲು ನೋಯುತ್ತದೆ, ಬ್ರೇಕು ಒತ್ತುವುದಕ್ಕೇ ಇಲ್ಲವಲ್ಲ ಎಂದು ತಮಾಷೆ ಮಾಡಿದ. ಆಮೇಲೆ ದಾರಿಯಲ್ಲಿ ಅವನು ಮಾತಾಡಲಿಲ್ಲ. ಅಂಬುಜಾ ಮಾತಾಡಿದಳು. ಅರಳಿ ನಿಂತ ಪೊಹುಟುಕಾವಾ ಮರದ ಕೆಳಗೆ ಅರ್ಧ ರಸ್ತೆಗೆ ಚಾಚಿ ನಿಂತಿದ್ದ, ಹಿಂದೆ ಸಾಮಾನು ತುಂಬುವ ಯೂಟ್ ಗಾಡಿಯ ಬಣ್ಣವನ್ನು ಹೊಗಳಿದಳು, ಡೇರಿ ಅಂಗಡಿಯಿಂದ ಐಸ್‌ಕ್ರೀಂ ಹಿಡಿದು ಓಡಿಬಂದ ಮಕ್ಕಳನ್ನು ಹೊಗಳಿದಳು.

ಮನೆಯಲ್ಲಿ ಭೀಮಸೇನ ಗಿರಮಿಟ್ಟು ಕಲಸಿ, ಮೆಣಸಿನಕಾಯಿ ಬಜಿ ಕರಿಯಲು ನಿಂತ. ಚಂದ್ರಮೌಳಿ ಹೊರಗೆ ಬಂಡಿಯ ನೀರಿನ ಟ್ಯಾಂಕಿಗೆ ಪೈಪು ಹಾಕುತ್ತಿದ್ದ. ಅಂಬುಜಾ ಈರುಳ್ಳಿ ಹೆಚ್ಚುತ್ತಿದ್ದಳು. ಬಾಣಲೆಯಿಂದ ಕಣ್ಣು ತೆಗೆಯದೆ ಭೀಮಸೇನ ಹೇಳಿದ:

"ವೈನಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೌಂಟ್ ಆಲ್ಬರ್ಟ್‌ನಿಂದ ಇಲ್ಲೀತನಕ ನೀವು ಹನ್ನೊಂದು ಸಲ ಹೊಗಳಿದ್ರಿ. ಗಿಡ, ನಾಯಿ, ಕೂಸಿನ ಗಾಡಿ. ಹನ್ನೊಂದೂ ಎಡಕ್ಕ ಇದ್ವು. ಬಲಗಡೆ ಒಂದರೆ ಚಂದಂದು ಇರಲಿಲ್ಲೇನ್ರಿ?"

ಅಂಬುಜಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ದಿನದಿಂದ?" ಎಂದ ಭೀಮಸೇನ.

"ಎರಡು ವರ್ಷ."

"ಅಂವಗ ಗೊತ್ತದ ಏನು?"

"ಇಲ್ಲ. ನಾನು ಹೇಳಿದ್ದನ್ನೆಲ್ಲ ತಾವೇ ನೋಡಿದ್ದು ಅಂದುಕೊಂಡಿದಾರೆ."

ಭೀಮಸೇನ ಬಜಿ ಮಗುಚಿದ. ಇಂಥವರನ್ನು ತಾನು ಡಿಪೋದಲ್ಲಿ ಕಂಡಿದ್ದೇನೆ, ಒಳ್ಳೆಯ ಡ್ರೈವರುಗಳೇ ಎಂದ. ನೀವು ಒಂದು ಸಲ ಸೀನಿದರೆ ಸಾಕು, ಒಂದು ಗಳಿಗೆ ತೂಕಡಿಸಿದರೆ ಸಾಕು ಎಂದ. ಅವಳು ಅದನ್ನೆಲ್ಲ ಯೋಚಿಸಿಯೇ ದಾರಿಯಲ್ಲಿ ಸೀನು ಬಂದರೂ ತಡೆದುಕೊಳ್ಳುತ್ತಿದ್ದಳು. ಆದರೆ ಅದನ್ನು ಹೇಳಲಿಲ್ಲ. ಗೆಳೆಯನ ಮೇಲಿನ ಕರುಣೆಯಿಂದಲೋ ಏನೋ, ಭೀಮಸೇನ ದನಿ ಇಳಿಸಿ, "ಇರಲಿ ಬಿಡ್ರಿ. ಅವನ ಮನಸ್ಸು ನೋಯಬಾರದು ಅಂತ ಸುಮ್ಮನಿದ್ರಿ," ಎಂದ.

ಅಂಬುಜಾ ಆ ಮಾತನ್ನು ಎರಡು ಸಲ ಮಗುಚಿ ನೋಡಿದಳು. ಅದನ್ನೇ ಕಾರಣವೆಂದು ಇಟ್ಟುಕೊಳ್ಳಬಹುದಿತ್ತು.

"ಅಲ್ಲ," ಎಂದಳು. "ಬಂಡಿ ನನಗೆ ಬೇಕಿತ್ತು."

ಊಟವಾದ ಮೇಲೆ ಭೀಮಸೇನ ಗೆಳೆಯನನ್ನು ಪಂದ್ಯಕ್ಕೆ ಕರೆದ. ಅಲ್ಲೇ ಹತ್ತಿರದ ಕಾರ್ಖಾನೆಗಳ ಸಾಲಿನಲ್ಲಿ ಅವನ ಪರಿಚಯದವನೊಬ್ಬನ ಗೋದಾಮು ಇತ್ತು. ರಜೆ ಮುಗಿಯುವ ತನಕ ಬೀಗ, ಬೀಗದ ಕೈ ಭೀಮಸೇನನ ಹತ್ತಿರ. ಡಾಕ್ಟರ ಹತ್ತಿರ ಹೋಗುವ ಮುಂಚೆ ತನ್ನ ಹತ್ತಿರ ಒಂದು ಪರೀಕ್ಷೆ ಪಾಸಾಗಲಿ ಎಂದ. ಚಂದ್ರಮೌಳಿ ಅಂಗಿಯ ತೋಳು ಮಡಿಸಿಕೊಂಡು ಎದ್ದ. ಮೈಸೂರಿನ ಬಸ್ ವರ್ಕ್‌ಶಾಪಿನಲ್ಲಿ ಇಂಜಿನಿಯರಾಗಿದ್ದ ಕಾಲದಲ್ಲಿ ತಾನು ಎಷ್ಟು ಡ್ರೈವರುಗಳಿಗೆ ಪರೀಕ್ಷೆ ಮಾಡಿದ್ದೇನೆ ಎಂಬುದನ್ನು ದಾರಿಯಲ್ಲಿ ಹೇಳಿದ. ನಡೆದೇ ಹೋಗಬಹುದಾದ ಆ ದೂರಕ್ಕೆ ಬಂಡಿಯನ್ನು ಭೀಮಸೇನನೇ ಓಡಿಸಿದ. ಗೇಟು ಇಕ್ಕಟ್ಟು ಎಂಬ ನೆಪ ಹೇಳಿ, ಚಂದ್ರಮೌಳಿಯನ್ನು ಹಿಂದೆ ಮೇಜಿನ ಹತ್ತಿರ ಕೂರಿಸಿದ.

ಗೋದಾಮಿನ ಅಂಗಳ ವಿಶಾಲವಾಗಿತ್ತು, ಬಿಸಿಲಿಗೆ ಬೆಳ್ಳಗಾಗಿತ್ತು. ಚಂದ್ರಮೌಳಿ ಸ್ಟಿಯರಿಂಗ್ ಹಿಡಿದು, ಹೇಳಿದಂತೆ ಕಣ್ಣು ಮುಚ್ಚಿ ಕೂತ ಮೇಲೆ ಭೀಮಸೇನ ಬಾಳೆಹಣ್ಣಿನ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಎರಡು ಸಾಲಾಗಿ ಜೋಡಿಸಿದ. ಸಾಲು ನೆಟ್ಟಗಿರಲಿಲ್ಲ, ಅಲ್ಲಲ್ಲಿ ಒಂದೊಂದು ಪೆಟ್ಟಿಗೆ ಒಳಕ್ಕೆ ಬಂದಿತ್ತು, ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು. ನಡಿಗೆಯ ವೇಗದಲ್ಲಿ, ಒಂದನ್ನೂ ಮುಟ್ಟದೆ ಆಚೆ ತುದಿ ಸೇರಬೇಕು. ಪಕ್ಕದವರು ಮಾತಾಡುವ ಹಾಗಿಲ್ಲ. ಅದೊಂದನ್ನು ಹೇಳುವಾಗ ಅವನು ಅಂಬುಜಾಳ ಕಡೆ ನೋಡಲಿಲ್ಲ.

"ಇವಳು ಮಾತಾಡದೆ ಇರೋದೇ ದೊಡ್ಡ ಪರೀಕ್ಷೆ," ಎಂದು ಚಂದ್ರಮೌಳಿ ನಕ್ಕ.

ಬಂಡಿ ಹೊರಟಿತು. ಬಲಗಡೆಯ ಮೊದಲ ಪೆಟ್ಟಿಗೆಯನ್ನು ಅವನು ಅಂದವಾಗಿ ಬಳಸಿ ಹೋದ. ಎಡಗಡೆಯ ಮೊದಲನೆಯದು ಹತ್ತಿರ ಬಂತು. ಹಸಿರು ಅಕ್ಷರದ ಹಳದಿ ಪೆಟ್ಟಿಗೆ. ಎಷ್ಟು ಹಳದಿ ನೋಡಿ ಎಂದರೆ ಸಾಕಿತ್ತು. ಮಾತು ಅವಳ ನಾಲಿಗೆಯ ತುದಿಗೆ ತಾನಾಗಿ ಬಂತು, ಸರಿಯಾದ ಜಾಗದಲ್ಲಿ, ಸರಿಯಾದಷ್ಟು ಮುಂಚೆ. ಆರನೇ ತಾರೀಖು ಡಾಕ್ಟರ ಮುಂದೆಯೂ ಹೀಗೇ ಒಂದು ಮಾತು ಬರುತ್ತದೆ, ಆಮೇಲೆ ಎಷ್ಟೋ ತಿಂಗಳು ಬಂಡಿ ಓಡುತ್ತದೆ ಎಂಬುದೂ ಅವಳಿಗೆ ತಿಳಿದಿತ್ತು. ಅಂಬುಜಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಪೆಟ್ಟಿಗೆ ಚಕ್ರದ ಕೆಳಗೆ ಹೋಯಿತು. ರಟ್ಟು ಮುದುಡಿದ ಸದ್ದು ಇಂಜಿನಿನ ಸದ್ದಿನಲ್ಲಿ ಸೇರಿಹೋಯಿತು.

ಬಲಗಡೆಯ ಎರಡನೆಯದನ್ನೂ ಚಂದ್ರಮೌಳಿ ದಾಟಿದ. ಎಡಗಡೆಯ ಎರಡನೆಯದು ಹೋಯಿತು. ಮೂರನೆಯದೂ ಹೋಯಿತು.

"ಏನೇ, ಮಾತೇ ಇಲ್ಲವಲ್ಲ. ಬಂಡಿಯಲ್ಲಿ ಕೂತ ಹಾಗೇ ಅನ್ನಿಸ್ತಿಲ್ಲ," ಎಂದ ಅವನು, ಖುಷಿಯಲ್ಲಿ.

"ನಿಲ್ಲಿಸಿ," ಎಂದಳು ಅಂಬುಜಾ.

ಎರಡು ವರ್ಷದಲ್ಲಿ ಅವಳು ಅವನಿಗೆ ಬಣ್ಣ ಹಚ್ಚದೆ ಹೇಳಿದ ಮೊದಲ ಮಾತು ಅದು. ಅವನು ನಿಲ್ಲಿಸಿದ. ಯಾಕೆ ಎಂದ. ಇಳಿದು ನೋಡಿ ಎಂದಳು.

ಚಂದ್ರಮೌಳಿ ಇಳಿದು ಬಂಡಿಯ ಮುಂದಿನಿಂದ ಸುತ್ತಿ ಎಡಗಡೆಗೆ ಬಂದ. ಚಪ್ಪಟೆಯಾಗಿ ಬಿದ್ದಿದ್ದ ಮೂರನ್ನೂ ಒಂದೊಂದಾಗಿ ಹೋಗಿ ನೋಡಿದ, ವರ್ಕ್‌ಶಾಪಿನಲ್ಲಿ ಮುರಿದ ಭಾಗ ನೋಡುವವನ ಹಾಗೆ. ಒಂದನ್ನು ಎತ್ತಿ, ಮೂಲೆಗಳನ್ನು ಒತ್ತಿ ಮತ್ತೆ ಪೆಟ್ಟಿಗೆಯ ಆಕಾರಕ್ಕೆ ತರಲು ನೋಡಿದ. ಅದು ನಿಲ್ಲಲಿಲ್ಲ. ಭೀಮಸೇನ ಗೇಟಿನ ಹತ್ತಿರ ನಿಂತು ಬೀಗದ ಕೈಯನ್ನು ನೋಡುತ್ತಿದ್ದ.

"ಇದನ್ನ ನಾನು ನೋಡಲೇ ಇಲ್ಲ," ಎಂದ ಚಂದ್ರಮೌಳಿ.

ಅಂಬುಜಾ ಮೆಟ್ಟಿಲಿಳಿದು ಅವನ ಪಕ್ಕ ನಿಂತಿದ್ದಳು. ಅವನು ಏನನ್ನೋ ಹಿಂದೆ ಹಿಂದೆ ಹುಡುಕುತ್ತ ಹೋಗುತ್ತಿರುವುದು ಅವನ ಮುಖದಲ್ಲಿ ಕಾಣುತ್ತಿತ್ತು: ಕುರಿಗಳು, ನಾಯಿ ಹಿಡಿದ ತಾತ, ಸೇತುವೆ.

"ಹಾಗಾದ್ರೆ ಆ ಕೆಂಪು ಟೋಪಿ ಹುಡುಗಿ?"

"ಇದ್ದಳು. ಸೈಕಲ್ ನಿಮ್ಮ ಮುಂದೇನೇ ಇತ್ತು," ಎಂದಳು. "ಟೋಪಿ ಅಷ್ಟೇನೂ ಚೆನ್ನಾಗಿರಲಿಲ್ಲ."

ಅವನು ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಯಾವತ್ತಿನಿಂದ ಎಂದು ಕೇಳಿದ, ಹೇಳಿದಳು. ಲೈಬ್ರರಿಯಲ್ಲಿ ಓದಿದ್ದನ್ನೂ, ಓದಿ ಮುಚ್ಚಿಟ್ಟದ್ದನ್ನೂ, ಯಾಕೆ ಎಂಬುದನ್ನೂ ಹೇಳಿದಳು. ಅವನು ಪೆಟ್ಟಿಗೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಜೇಬಿನಿಂದ ಬಂಡಿಯ ಬೀಗದ ಕೈ ತೆಗೆಯಹೋದ. ಅದು ಬಂಡಿಯಲ್ಲೇ ಇತ್ತು, ಇಂಜಿನ್ ಇನ್ನೂ ಓಡುತ್ತಿತ್ತು. ಭೀಮಸೇನನಿಗೆ ಕೈಸನ್ನೆ ಮಾಡಿ ಕರೆದ.

ವಾಪಸು ಹೊರಟಾಗ ಭೀಮಸೇನ ಬಲಕ್ಕೆ ಕೂತ. ಎಡಕ್ಕೆ ಚಂದ್ರಮೌಳಿ ಕೂತ, ಮೂರು ವರ್ಷದಲ್ಲಿ ಮೊದಲ ಸಲ. ಅಂಬುಜಾ ಹಿಂದೆ ಮೇಜಿನ ಹತ್ತಿರ ಕೂತು ಬೆಲ್ಟ್ ಹಾಕಿಕೊಂಡಳು. ಅಕ್ಕಿ ಡಬ್ಬಿ, ಗ್ಯಾಸಿನ ಗುಂಡಿ, ಫ್ರಿಜ್ಜಿನ ಮೇಲಿನ ಫಾರಂ, ಎಲ್ಲ ಒಂದೇ ನೋಟಕ್ಕೆ ಸಿಕ್ಕವು. ಹೊಸ ಬಣ್ಣದ ಆ ಕೋಣೆಯಲ್ಲಿ ಮಂಚವನ್ನು ಯಾವ ಗೋಡೆಗೆ ಸರಿಸಿದರೆ ಬಾಗಿಲೂ ಒಲೆಯೂ ಒಟ್ಟಿಗೆ ಕಾಣಬಹುದೆಂದು ಅವಳು ಯೋಚಿಸತೊಡಗಿದಳು.

ಗೇಟು ದಾಟುವಾಗ ಚಂದ್ರಮೌಳಿ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ್ದ. ಕಿಟಕಿಗೆ ಹಣೆ ತಾಗುವಷ್ಟು.

"ಎಡಗಡೆ ಒಂದು ಬೆಕ್ಕು," ಎಂದ. "ಕರೀದು."

"ನೋಡೀನಿ ತಗೋ," ಎಂದ ಭೀಮಸೇನ, ವೇಗ ಇಳಿಸುತ್ತ.