ಅಕ್ಕಿ ತೊಳೆದ ನೀರು

ಬರ್ತಾ ಬಾಯಿಯದು ಒಲೆಯ ಮೇಲೆ ಹಾಲಿಟ್ಟು ಬಂದವರ ನಡಿಗೆ. ಮದುವೆಗೆ ಹೊರಟರೂ ಸಾವಿಗೆ ಹೊರಟರೂ ಅದೇ ಬಿರುಸು. ಹಬ್ಬದ ಮೆರವಣಿಗೆಯಲ್ಲಿ ಒಮ್ಮೆ ಶಿಲುಬೆ ಹಿಡಿದವನನ್ನೇ ದಾಟಿ ಹೋಗಿ, ಇಗರ್ಜಿಯ ಬಾಗಿಲಲ್ಲಿ ನಿಂತು, "ಬೇಗ ಬನ್ನಿ ಮಾರಾಯ್ರೆ" ಎಂದಿದ್ದರಂತೆ. ಬೆಳ್ಮಣ್ಣಿನವರು ಈಗಲೂ ಹೇಳಿ ನಗುತ್ತಾರೆ. ಅತ್ತೆ, ಮಾವ, ಗಂಡ, ಮಕ್ಕಳು, ಎರಡು ಹಸು, ಇಷ್ಟೂ ಜೀವಗಳಿಗೆ ಬೇರೆ ಬೇರೆ ಗಳಿಗೆಯಲ್ಲಿ ಹಸಿವಾಗುವ ಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದವರಿಗೆ ಬೇರೆ ನಡಿಗೆ ಬರುವುದಾದರೂ ಹೇಗೆ?

ಐವತ್ತೇಳನೆಯ ವಯಸ್ಸಿನಲ್ಲಿ, 2007ರ ಮಳೆಗಾಲದಲ್ಲಿ, ಅವರು ಉಡುಪಿಯಲ್ಲಿ ಶನಿವಾರದ ದೇವಶಾಸ್ತ್ರದ ತರಗತಿಗೆ ಸೇರಿದರು.

"ಈ ಪ್ರಾಯದಲ್ಲಿ ಪಾದ್ರಿ ಆಗ್ಲಿಕ್ಕುಂಟಾ?" ಎಂದು ಗಂಡ ಬ್ಯಾಪ್ಟಿಸ್ಟ್ ಕೆಣಕಿದರು.

"ನೀವು ಅನ್ನ ಬಡಿಸಿಕೊಳ್ಳಲಿಕ್ಕೆ ಕಲಿಯಿರಿ. ಮತ್ತೆ ಅದನ್ನೂ ನೋಡುವ."

ಮೊದಲ ದಿನವೇ ಸಂಘಟಕರೊಬ್ಬರು ಅವರ ಸೆರಗು, ಒರಟು ಕೈ ಎಲ್ಲ ನೋಡಿ, "ಬಾಯಿ, ಚಾ ಮಾಡುವವರು ನೀವಾ?" ಎಂದು ಕೇಳಿದರು. "ಅಲ್ಲ, ಕುಡಿಯುವವಳು" ಎಂದು ಬಾಯಿ ಮುಂದಿನ ಸಾಲಿನಲ್ಲಿ ಕುಳಿತರು.

ಬಾಯಿ ಏಕೆ ಸೇರಿದರೆಂದು ಯಾರಿಗೂ ತಿಳಿದಿರಲಿಲ್ಲ. ಅದಕ್ಕೆ ಮೂವತ್ತೊಂದು ವರ್ಷ ಹಿಂದೆ ಹೋಗಬೇಕು. ನಾದಿನಿ ಇಮೆಲ್ಡಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಸೂಲಗಿತ್ತಿ ಅಮ್ಮಣ್ಣಿಯ ಕೈಯಲ್ಲಿ ಗಂಡುಮಗು ನೀಲಿಗಟ್ಟುತ್ತಿತ್ತು. ಗಂಡಸರು ಪಾದ್ರಿಯನ್ನು ಕರೆಯಲು ಓಡಿದ್ದರು. ಸಾವಿನ ಅಂಚಿನಲ್ಲಿರುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದು ಬರ್ತಾ ಧರ್ಮಪಾಠದಲ್ಲಿ ಕಲಿತಿದ್ದರು. ನೀರು ಶುದ್ಧವಾಗಿರಬೇಕೆಂದೂ ಕಲಿತಿದ್ದರು. ಕೊಡಗಳೆಲ್ಲ ಹೆರಿಗೆಗೆ ಬರಿದಾಗಿದ್ದವು, ಬಾವಿ ಅಂಗಳದಾಚೆ ಇತ್ತು, ಬಂದವರಿಗೆಲ್ಲ ಗಂಜಿ ಬೇಯಿಸಲು ಹೊರಟಿದ್ದ ಅವರ ಕೈಯಲ್ಲಿ ಅಕ್ಕಿ ತೊಳೆದ ಪಾತ್ರೆಯಿತ್ತು. ಅದನ್ನೇ ಬಗ್ಗಿಸಿ ಮಗುವಿನ ತಲೆಗೆ ಹೊಯ್ದರು, ರೊಸಾರಿಯೊ ಎಂದು ಹೆಸರಿಟ್ಟರು. ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಮಗು ಬದುಕಿತ್ತು.

"ನೀರು ಹೊಯ್ದಿರಾ?" ಎಂದು ಪಾದ್ರಿ ಕೇಳಿದರು. "ಹೊಯ್ದೆ" ಎಂದರು ಬರ್ತಾ. ಎಂಥ ನೀರೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಜ್ಞಾನಸ್ನಾನವಾಗದ ಮಕ್ಕಳನ್ನು ಸ್ಮಶಾನದ ಗೋಡೆಯಾಚೆ ಹೂಳುತ್ತಿದ್ದ ಆ ಕಾಲದಲ್ಲಿ ರೊಸಾರಿಯೊಗೆ ಗೋಡೆಯೊಳಗೆ ಜಾಗ ಸಿಕ್ಕಿತು. ಪ್ರತಿ ನವೆಂಬರಿನಲ್ಲಿ ಇಮೆಲ್ಡಾ ಅಲ್ಲಿ ಮೇಣದಬತ್ತಿ ಹಚ್ಚಿ, "ನನ್ನ ಮಗ ದೇವರ ಹತ್ತಿರ ಇದ್ದಾನೆ" ಎನ್ನುವಾಗ ಪಕ್ಕದಲ್ಲಿ ನಿಂತ ಬರ್ತಾ ಬಾಯಿ ಬಗ್ಗಿ ಸಮಾಧಿಯ ಹುಲ್ಲು ಕೀಳುತ್ತಿದ್ದರು. ತಾನು ಆ ಮಗುವಿಗೂ ತಾಯಿಗೂ ಮೋಸ ಮಾಡಿದೆನೇ?

ಮೂರನೆಯ ಶನಿವಾರ ಪಾಠದ ನಡುವೆ ಫಾದರ್ ಫೌಸ್ಟಿನ್ ಒಂದು ಕತೆ ಹೇಳಿದರು. ಬಹಳ ಹಿಂದೆ ಯಾವುದೋ ಚಳಿ ದೇಶದಲ್ಲಿ ನೀರು ಸಿಗದೆ ಬಿಯರಿನಲ್ಲಿ ಜ್ಞಾನಸ್ನಾನ ಕೊಟ್ಟು, ಅದು ಸಲ್ಲುತ್ತದೆಯೇ ಎಂದು ರೋಮಿಗೆ ಬರೆದರಂತೆ. ಸಲ್ಲದು ಎಂದು ಉತ್ತರ ಬಂತಂತೆ. ತರಗತಿ ನಕ್ಕಿತು. ಬರ್ತಾ ಬಾಯಿ ಎದ್ದು ನಿಂತರು.

"ಅಕ್ಕಿ ತೊಳೆದ ನೀರಾದರೆ, ಫಾದರ್?"

ನಗು ಇನ್ನೂ ಜೋರಾಯಿತು. ಫಾದರ್ ಮಾತ್ರ ಆ ಮುಖ ನೋಡಿ ನಗಲಿಲ್ಲ. "ಕಲಕಿದರೂ ಅದು ನೀರೇ, ಬಾಯಿ. ಸಲ್ಲುತ್ತದೆ. ಶಾಸ್ತ್ರ ಬರೆದವರು ಯಾರೂ ಅಕ್ಕಿ ತೊಳೆದವರಲ್ಲ, ಹಾಗಾಗಿ ಬರೆದಿಟ್ಟಿಲ್ಲ." ತರಗತಿ ಮುಗಿದ ಮೇಲೆ ಬಾಯಿ ನಡೆದದ್ದನ್ನೆಲ್ಲ ಹೇಳಿದಾಗ ಫಾದರ್ ನಿಧಾನವಾಗಿ ಬಿಡಿಸಿ ವಿವರಿಸಿದರು. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳಿಗೆ ಶಿಕ್ಷೆಯುಂಟೆಂದು ಹಿಂದಿನ ಗುರುಗಳು ನಂಬಿದ್ದರು. ಶತಮಾನಗಳ ನಂತರದವರಿಗೆ ಮನಸ್ಸು ಕರಗಿ, ನೋವೂ ಇಲ್ಲದ ದೇವದರ್ಶನವೂ ಇಲ್ಲದ ಲಿಂಬೊ ಎಂಬ ಜಾಗವನ್ನು ಕಲ್ಪಿಸಿದರು. ಅದು ಎಂದೂ ವಿಶ್ವಾಸದ ಕಟ್ಟಳೆಯಾಗಲಿಲ್ಲ. ಅಂಥ ಮಕ್ಕಳನ್ನೂ ದೇವರು ಸೇರಿಸಿಕೊಳ್ಳುತ್ತಾನೆಂದು ಆಶಿಸಲು ಬಲವಾದ ಕಾರಣಗಳುಂಟೆಂದು ಇದೇ ವರ್ಷ ರೋಮಿನ ಪಂಡಿತರು ಬರೆದಿದ್ದಾರೆ. "ನೀವು ನೀರೇ ಹೊಯ್ಯದಿದ್ದರೂ ಆ ಮಗು ದೇವರ ಕೈಬಿಟ್ಟು ಹೋಗುತ್ತಿರಲಿಲ್ಲ."

"ಮೂವತ್ತೊಂದು ವರ್ಷ, ಫಾದರ್."

"ತಡವಾಯಿತು, ಬಾಯಿ. ಇಗರ್ಜಿಯೂ ಕಲಿಯುತ್ತಾ ಉಂಟು."

"ಕಲಿಯಲಿ. ಅಷ್ಟರ ಒಳಗೆ ನಾವು ಸಾಯದಿದ್ದರಾಯ್ತು, ಅಲ್ವಾ?"

ಆ ಸಂಜೆ ಅವರು ನೇರ ಮನೆಗೆ ಹೋಗದೆ, ಕಾಪುವಿನಲ್ಲೇ ಬಸ್ಸಿಳಿದು ಇಮೆಲ್ಡಾಳ ಮನೆಗೆ ಹೋದರು. ಅವಳು ಹಿತ್ತಲಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಬಾಯಿ ಇನ್ನೊಂದು ಚೂರಿ ತಂದು ಕೂತು, ತಲೆಯೆತ್ತದೆ ಎಲ್ಲವನ್ನೂ ಹೇಳಿದರು.

ಇಮೆಲ್ಡಾ ಕೈ ನಿಲ್ಲಿಸಲಿಲ್ಲ. "ಗೊತ್ತುಂಟು, ವೊನಿ," ಎಂದಳು. ಅತ್ತಿಗೆಯನ್ನು ಅವಳು ಕರೆಯುತ್ತಿದ್ದುದೇ ಹಾಗೆ. "ಅವನ ಹಣೆ ಒರೆಸಿದ್ದು ನಾನಲ್ವಾ? ತೌಡಿನ ವಾಸನೆ ಬಂದಿತ್ತು."

"ಗೊತ್ತಿದ್ದೂ ಎಂತಕ್ಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಹೆದರುತ್ತಿದ್ದಿರಿ."

"ನಿನಗೆ ಹೆದರಿಕೆ ಆಗಲಿಲ್ಲವಾ?"

"ಅಕ್ಕಿ ತೊಳೆದ ನೀರು ಆಗುವುದಿಲ್ಲ ಎನ್ನುವ ದೇವರಾದರೆ ನನ್ನ ಮಗನನ್ನು ಅವನ ಹತ್ತಿರ ನಾನೇ ಬಿಡ್ತಿರಲಿಲ್ಲ."

ಬರ್ತಾ ಬಾಯಿ ಮೊದಲು ನಕ್ಕರು. ಅಳು ಬಂದದ್ದು ಆಮೇಲೆ. ಮೀನಿನ ಕೈಯಲ್ಲಿ ಕಣ್ಣೊರೆಸಲಾಗದೆ ಇಬ್ಬರೂ ಹಾಗೆಯೇ ಕೂತರು.

ಬರ್ತಾ ಬಾಯಿಯಂಥವರು ನಮ್ಮ ಎಲ್ಲ ಮತಗಳ ಹಿತ್ತಲುಗಳಲ್ಲೂ ಇದ್ದಾರೆ. ವಿಧಿ ಬಲ್ಲವರು ದಾರಿಯಲ್ಲಿರುವಾಗ, ಕಾಯಲು ಹೊತ್ತಿಲ್ಲದಾಗ, ಕೈಗೆ ಸಿಕ್ಕಿದ್ದರಲ್ಲೇ ಜೀವವೊಂದನ್ನು ಬೀಳ್ಕೊಟ್ಟು, ಮಾಡಿದ್ದು ತಪ್ಪಾಯಿತೇನೋ ಎಂಬ ಭಾರವನ್ನು ಯಾರಿಗೂ ಹೇಳದೆ ಹೊರುವವರು ಅವರು. ಶಾಸ್ತ್ರಗಳು ಬೆಳೆದು ಅವರ ಅಂಗಳಕ್ಕೆ ಬಂದು ಮುಟ್ಟಲು ಶತಮಾನಗಳು ಬೇಕು. ಅಷ್ಟು ಹೊತ್ತಿಗೆ ಪಕ್ಕದಲ್ಲಿ ಕೂತ ಇನ್ನೊಬ್ಬ ಹೆಂಗಸು ಎಲ್ಲವನ್ನೂ ಅರಿತು, ಕ್ಷಮಿಸಲು ಏನೂ ಉಳಿಯದಂತೆ ಮಾಡಿಟ್ಟಿರುತ್ತಾಳೆ.