ಇದ್ದದ್ದು ಒಂದೇ ಜಾಕೆಟ್

ಕನ್ನಡಕದವನಿಗೆ ಈಜು ಬರುತ್ತಿರಲಿಲ್ಲ. ಅದು ಭಾವನಿಗೆ ಗೊತ್ತಿಲ್ಲವೆಂದೇ ಅವನು ಆರು ವರ್ಷ ನಂಬಿಕೊಂಡಿದ್ದ.

ಭಾವ ಎಂದರೆ ಅಕ್ಕನ ಗಂಡ, ಲಿಫ್ಟ್ ರಿಪೇರಿ ಮಾಡುವವನು. ವಾರದಲ್ಲಿ ಆರು ದಿನ ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ, ಗ್ರೀಸ್ ಮೆತ್ತಿದ ತಂತಿಹಗ್ಗಗಳ ನಡುವೆ, ಹಣೆಗೆ ಕಟ್ಟಿಕೊಂಡ ದೀಪದ ಬೆಳಕಲ್ಲಿ ಕೆಲಸ. ಏಳನೆಯ ದಿನ ತಲೆಯ ಮೇಲೆ ಆಕಾಶವಲ್ಲದೆ ಬೇರೇನೂ ಇರಕೂಡದು ಅವನಿಗೆ. ಅದಕ್ಕೆಂದೇ ಊರಾಚೆಯ ಸರೋವರದಲ್ಲಿ ಹಳೆಯದೊಂದು ಫೈಬರ್ ದೋಣಿ ಇಟ್ಟುಕೊಂಡಿದ್ದ. ಹಿಂಬದಿಗೆ ಸಿಕ್ಕಿಸಿದ ಮೋಟಾರು, ಕೂರಲು ಎರಡು ಅಡ್ಡಹಲಗೆ. ಅದಕ್ಕೆ ಅವನು ಇಟ್ಟ ಹೆಸರು ಎಮ್ಮೆ. "ನೀರಿಗಿಳಿಯೋಕೆ ಏನು ಆತುರ! ಮೇಲೆ ಬಾ ಅಂದ್ರೆ ಮಾತ್ರ ಕಿವಿ ಕೇಳಲ್ಲ," ಎನ್ನುತ್ತಿದ್ದ.

ಕನ್ನಡಕದವನದು ಪೇಟೆಬೀದಿಯಲ್ಲಿ ಸಣ್ಣ ಅಂಗಡಿ. ಮುಂದೆ ಫ್ರೇಮುಗಳ ಗಾಜಿನ ಕಪಾಟು, ಹಿಂದೆ ಪರದೆಯ ಮರೆಯಲ್ಲಿ ಲೆನ್ಸ್ ತಿಕ್ಕುವ ಯಂತ್ರ. ಮದುವೆಯಾಗಿರಲಿಲ್ಲ, ಹೇಳಿಕೊಳ್ಳುವಂಥ ಗೆಳೆಯರೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಭಾವ ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿ, "ಏನ್ ಡಾಕ್ಟ್ರೇ, ಎಮ್ಮೆ ಮೇಯಿಸೋಕೆ ಬರ್ತೀರೋ ಇಲ್ವೋ?" ಎಂದು ಕೂಗಿದರೆ ಅವನ ಎದೆ ಅರಳುತ್ತಿತ್ತು. ಆಮೇಲೆ ನೀರಿನ ನೆನಪಾಗುತ್ತಿತ್ತು. ಆದರೂ ಒಂದು ವಾರವೂ ತಪ್ಪಿಸಲಿಲ್ಲ. ಈಜು ಬರಲ್ಲ ಅಂದರೆ ಭಾವ ಕರೆಯುವುದನ್ನೇ ನಿಲ್ಲಿಸಿಬಿಟ್ಟರೆ?

ಆಪತ್ತುಗಳು ಆಗಾಗ ಬಂದು ಹೋಗಿದ್ದವು. ಒಮ್ಮೆ ತಳದ ಬಿರಡೆ ಹಾಕುವುದನ್ನೇ ಮರೆತು ಹೊರಟು, ಕಾಲು ಒದ್ದೆಯಾದಾಗಲೇ ಗೊತ್ತಾಗಿ, ಊಟದ ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲುತ್ತ ದಡ ಸೇರಿದ್ದರು. ಇನ್ನೊಮ್ಮೆ ಪೆಟ್ರೋಲು ಮುಗಿದು, ಜೊಂಡಿನೊಳಗೆ ಸಿಕ್ಕಿಕೊಂಡು, ಸಂಜೆಯವರೆಗೂ ಸೊಳ್ಳೆಗಳಿಗೆ ಊಟವಾಗಿದ್ದರು. ದೊಡ್ಡ ದೋಣಿಯೊಂದು ಪಕ್ಕದಲ್ಲೇ ರಭಸದಿಂದ ಹಾದುಹೋದಾಗ ಎಮ್ಮೆ ಮಗ್ಗುಲಾಗಿ, ಕೂದಲೆಳೆಯಲ್ಲಿ ಪಾರಾಗಿ ನೆಟ್ಟಗಾಗಿತ್ತು. ಮನೆಗೆ ಬಂದ ಮೇಲೆ ಭಾವ ಅದನ್ನೆಲ್ಲ ನಟಿಸಿ ತೋರಿಸುತ್ತಿದ್ದ. ಅಕ್ಕ ನಗುತ್ತಿದ್ದಳು. ಮಗಳಂತೂ ಬಿದ್ದೂ ಬಿದ್ದೂ ನಗುತ್ತಿದ್ದಳು. ಕನ್ನಡಕದವನೂ ಎಲ್ಲರ ಜೊತೆ ನಗುತ್ತಿದ್ದ. ಬದುಕಿ ಬಂದವರು ನಗದೆ ಇನ್ನೇನು ಮಾಡಿಯಾರು?

ಆ ಭಾನುವಾರ ಚಳಿಗಾಲ ಇನ್ನೂ ಪೂರ್ತಿ ಹೋಗಿರಲಿಲ್ಲ. ಬಿಸಿಲಿತ್ತು, ನೀರು ಮಾತ್ರ ಕೊರೆಯುತ್ತಿತ್ತು. ತೇಲುಜಾಕೆಟ್‌ಗಳಲ್ಲಿ ಮೂರರ ಪಟ್ಟಿ ಕಿತ್ತುಹೋಗಿದ್ದರಿಂದ ಭಾವ ಹೊಲಿಸಲೆಂದು ಮನೆಗೆ ಒಯ್ದಿದ್ದ, ಒಯ್ದದ್ದು ಅಲ್ಲೇ ಉಳಿದಿತ್ತು. ದೋಣಿಯಲ್ಲಿದ್ದದ್ದು ಒಂದೇ. ಅದೂ ಹಲಗೆಯ ಕೆಳಗೆ ದಿಂಬಿನಂತೆ ಬಿದ್ದಿತ್ತು.

ಮೂರೂವರೆಯ ಹೊತ್ತಿಗೆ ಗಾಳಿ ಎದ್ದಿತು. ವಾಪಸು ಹೊರಟಾಗ ನಡುನೀರಿನಲ್ಲಿ ಮೋಟಾರು ಕೆಮ್ಮಿ ನಿಂತಿತು. ಭಾವ ಹಿಂದಕ್ಕೆ ಹೋಗಿ ಮುಚ್ಚಳ ತೆಗೆದು ಬಗ್ಗಿದ.

"ನೀನು ಮುಂದೇನೇ ಕೂತಿರು. ಏಳ್ಬೇಡ," ಎಂದ.

ಕನ್ನಡಕದವನು ಕೂತಿದ್ದ. ದೋಣಿ ಅಡ್ಡ ತಿರುಗಿತು. ಒಂದು ಅಲೆ ಬಂದು ಅವನ ಮುಖಕ್ಕೆ ರಾಚಿತು, ಮತ್ತೊಂದು ತೊಡೆಯ ಮೇಲೆ ಸುರಿಯಿತು. ಭಾವನ ಬೆನ್ನು ನಾಲ್ಕೇ ಅಡಿ ದೂರದಲ್ಲಿತ್ತು. ಆದರೂ ಈ ಪ್ರಪಂಚದಲ್ಲಿ ತಾನೊಬ್ಬನೇ ಉಳಿದಂತೆ ಅವನಿಗನ್ನಿಸಿತು. ಎದ್ದ. ಎರಡೇ ಹೆಜ್ಜೆ. ಇಬ್ಬರ ಭಾರವೂ ಒಂದೇ ತುದಿಗೆ ಬಿದ್ದು ದೋಣಿಯ ಹಿಂಬದಿ ಕುಸಿಯಿತು, ಅದರ ಮೇಲೆ ಅಲೆ ಹತ್ತಿತು. "ಬೇಡ ಅಂದ್ನಲ್ಲೋ," ಎಂದು ಭಾವ ಅಂದದ್ದು ಕೇಳಿಸಿತು. ಆಮೇಲೆ ನೀರು.

ಅವನನ್ನು ಮೇಲಕ್ಕೆ ಎಳೆದದ್ದು ಭಾವನೇ. ಎಮ್ಮೆ ಬೋರಲಾಗಿ ಬೆನ್ನು ತೋರಿಸಿ ತೇಲುತ್ತಿತ್ತು. ಜಾಕೆಟ್ ಎಲ್ಲಿಂದಲೋ ತೇಲಿ ಬಂತು. ಭಾವ ಅದನ್ನು ಹಿಡಿದು, ಕ್ಷಣವೂ ಯೋಚಿಸದೆ, ಅವನ ತೋಳು ತೂರಿಸಿ, ಒಂದೊಂದೇ ಕೊಂಡಿ ಹಾಕಿದ. ಕನ್ನಡಕದವನು ಬೇಡ ಅನ್ನಲಿಲ್ಲ. "ನಿಮಗೆ?" ಅಂತಲೂ ಕೇಳಲಿಲ್ಲ. ತೋಳು ಚಾಚಿದ, ಅಷ್ಟೇ.

ದೋಣಿಯ ಬೆನ್ನು ಪಾಚಿಯಿಂದ ಜಾರುತ್ತಿತ್ತು. ಹಿಡಿಯಲು ನಡುವೆ ಉಬ್ಬಿದ್ದ ಸಣ್ಣ ಏಣೊಂದೇ. ಭಾವ ಮಾತಾಡುತ್ತಲೇ ಇದ್ದ. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ತಾನು ಹೊರಗಿನಿಂದ ಹೇಳುವುದೂ ಇದನ್ನೇ ಎಂದ: "ಸುಮ್ನೆ ನಿಂತ್ಕೊಳ್ಳಿ, ಬಾಗಿಲು ಗುದ್ದಬೇಡಿ, ಜನ ಬರ್ತಾ ಇದ್ದಾರೆ." ಒಬ್ಬ ಮುದುಕಿ ಒಳಗೇ ಕೂತು ಸ್ವೆಟರಿನ ಅರ್ಧ ತೋಳು ಹೆಣೆದು ಮುಗಿಸಿದ್ದಳಂತೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಮುದುಕಿಯ ಕಥೆಯನ್ನು ಮತ್ತೆ ಮೊದಲಿನಿಂದ ಹೇಳತೊಡಗಿದ. ಮೂರನೆಯ ಸಲ ಮಾತು ತೊದಲಿತು, ಮುದುಕಿ ಲಿಫ್ಟಿನೊಳಗೇ ಉಳಿದಳು.

"ಭಾವ, ಮಾತಾಡಿ ಭಾವ."

"ಹ್ಞೂಂ. ಸುಸ್ತು ಕಣೋ."

ಭಾವನ ಕೈ ಜಾರಿದಾಗ ಕನ್ನಡಕದವನು ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಒಂದು ಕೈಯಲ್ಲಿ ದೋಣಿ, ಇನ್ನೊಂದರಲ್ಲಿ ಭಾವ. ಎಷ್ಟು ಹೊತ್ತು ಹಾಗಿದ್ದನೋ ಗೊತ್ತಿಲ್ಲ. ಬೆರಳುಗಳು ಮರಗಟ್ಟಿ ಯಾರದೋ ಬೆರಳುಗಳಂತಾದವು. ಒಂದು ದೊಡ್ಡ ಅಲೆ ಬಂತು. ಅದು ಹೋದ ಮೇಲೆ ಕೈ ಖಾಲಿಯಾಗಿತ್ತು. ಕೈ ಬಿಟ್ಟುಹೋಯಿತೋ, ತಾನೇ ಕೈಬಿಟ್ಟನೋ, ಅವನಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಸೂರ್ಯ ಇನ್ನೂ ಮುಳುಗಿರಲಿಲ್ಲ. ಮರಳು ಸಾಗಿಸುವ ದೋಣಿಯವರು ಅವನನ್ನು ಎತ್ತಿಕೊಂಡರು. ಭಾವ ಸಿಕ್ಕಿದ್ದು ಮೂರನೆಯ ದಿನ.

ವಿಚಾರಣೆಗೆ ಬಂದ ಅಧಿಕಾರಿಗೆ ಅವನು, "ಅಲೆ ಬಂತು, ಮಗುಚಿತು," ಎಂದ. ಅದು ಸುಳ್ಳಲ್ಲ. ಅಕ್ಕನಿಗೂ ಅಷ್ಟೇ ಹೇಳಿದ. ದಿನಾ ಸಂಜೆ ಅವಳ ಮನೆಗೆ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದ. ಅವಳು ತಟ್ಟೆ ಮುಂದಿಡುತ್ತಿದ್ದಳು, ಅವನು ತಿನ್ನುತ್ತಿದ್ದ. ತಿನ್ನುವಾಗ, ನನಗೆ ಹಸಿವಾಗುತ್ತದಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ತಿಂಗಳು ಕಳೆದರೂ ಅವನಿಗೆ ಜ್ವರ ಬಿಡಲಿಲ್ಲ. ನೀರು ಕುಡಿದದ್ದರಿಂದ ಏನಾದರೂ ಸೋಂಕು ತಗುಲಿರಬಹುದು ಎಂದು ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಟ್ಟರು. ಅಕ್ಕನ ಕೆಲಸ ಅದೇ. ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಬೆಳಗಿನಿಂದ ರಕ್ತ ತೆಗೆಯುತ್ತಿದ್ದಳು. ಹಸುಗೂಸಿನ ನರವೂ ಅವಳಿಗೆ ಮೊದಲ ಚುಚ್ಚಿಗೇ ಸಿಗುತ್ತದೆಂದು ಹೆಸರು.

ಅವನ ಸರದಿ ಬಂತು. ಅಕ್ಕ ತೋಳಿಗೆ ರಬ್ಬರು ಪಟ್ಟಿ ಬಿಗಿದು, ಬೆರಳಿಂದ ಒತ್ತಿ ನೋಡಿ, ಸೂಜಿ ಚುಚ್ಚಿದಳು. ಕೊಳವೆಯಲ್ಲಿ ರಕ್ತ ಏರತೊಡಗಿದ ಮೇಲೆ, ತಲೆಯೆತ್ತದೆ ಕೇಳಿದಳು.

"ಜಾಕೆಟ್ ನೀನು ಹಾಕ್ಕೊಂಡಿದ್ದೆ. ಅಲ್ವಾ?"

"ಹೂಂ."

"ಅವರೇ ಕೊಟ್ರಾ, ನೀನು ಕೇಳಿದ್ಯಾ?"

"ಅವರೇ ಹಾಕಿದ್ರು. ಅಕ್ಕಾ, ದೋಣಿ ಸುಮ್ನೆ ಮಗುಚಲಿಲ್ಲ. ಭಾವ ಏಳ್ಬೇಡ ಅಂದಿದ್ರು. ನಾನು ಎದ್ದೆ. ಭಯ ಆಯ್ತು, ಎದ್ದೆ. ನಂಗೆ ಈಜು ಬರಲ್ಲ. ಭಾವನಿಗೆ ಅದು ಗೊತ್ತಿರಲಿಲ್ಲ."

ಅವಳ ಕೈ ಅಲುಗಲಿಲ್ಲ. ಮೊದಲ ಕೊಳವೆ ತೆಗೆದು ಎರಡನೆಯದನ್ನು ಸಿಕ್ಕಿಸಿದಳು.

"ಗೊತ್ತಿತ್ತು," ಎಂದಳು. "ಮೊದಲನೇ ಸಲ ಹೋದಾಗ್ಲೇ ನಾನು ಅವರಿಗೆ ಹೇಳಿದ್ದೆ. ಅವನಿಗೆ ಈಜು ಬರಲ್ಲ, ಬಾಯಿಬಿಟ್ಟು ಹೇಳ್ಕೊಳ್ಳಲ್ಲ, ಏನೇ ಆದ್ರೂ ಮೊದಲು ಅವನನ್ನ ನೋಡ್ಕೊಳ್ಳಿ ಅಂತ. ಆಣೆ ಹಾಕಿಸ್ಕೊಂಡಿದ್ದೆ."

ಪಕ್ಕದ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅಕ್ಕ ರಬ್ಬರು ಪಟ್ಟಿ ಸಡಿಲಿಸಿ, ಸೂಜಿ ತೆಗೆದು, ಹತ್ತಿ ಇಟ್ಟು, ಅವನ ಇನ್ನೊಂದು ಕೈಯ ಬೆರಳನ್ನು ಅದರ ಮೇಲೆ ಒತ್ತಿಸಿದಳು.

"ನಿನ್ನ ಮೇಲೆ ಸಿಟ್ಟಿಲ್ಲ ಕಣೋ. ಸಿಟ್ಟಿದ್ರೆ ಚೆನ್ನಾಗಿತ್ತು. ನಿನ್ನ ಮುಖ ನೋಡಿದ್ರೆ ಆ ಆಣೆ ನೆನಪಾಗುತ್ತೆ. ಇನ್ಮೇಲೆ ಮನೆಗೆ ಬರ್ಬೇಡ." ಕೊಳವೆಗಳ ಮೇಲೆ ಅವನ ಹೆಸರಿನ ಚೀಟಿ ಅಂಟಿಸಿದಳು. "ಐದು ನಿಮಿಷ ಒತ್ತಿ ಹಿಡ್ಕೋ. ಮುಂದಿನವರು ಬನ್ನಿ."

ಅವನು ಮತ್ತೆ ಅಕ್ಕನ ಮನೆಗೆ ಹೋಗಲಿಲ್ಲ. ಒಂದು ವಾರ ಸಂಜೆಯಾದರೆ ಕಾಲು ಅದೇ ದಾರಿ ಹಿಡಿಯುತ್ತಿತ್ತು. ಬೀದಿಯ ತಿರುವಿನವರೆಗೆ ಹೋಗಿ ಹಿಂತಿರುಗುತ್ತಿದ್ದ. ಆಮೇಲೆ ಅಲ್ಲಿಗೂ ಹೋಗುವುದನ್ನು ಬಿಟ್ಟ. ಜ್ವರ ತಾನಾಗಿ ಇಳಿಯಿತು. ಲೆನ್ಸ್ ತಿಕ್ಕುವ ಯಂತ್ರದ ಚಕ್ರಕ್ಕೆ ಸದಾ ನೀರು ತೊಟ್ಟಿಕ್ಕುತ್ತಿರಬೇಕು. ಆ ಸದ್ದು ಕೇಳಲಾಗದೆ, ಆ ಕೆಲಸವನ್ನೆಲ್ಲ ಬೇರೆ ಅಂಗಡಿಗೆ ಕಳಿಸತೊಡಗಿದ.

ಎರಡು ತಿಂಗಳ ಮೇಲೆ ಅಕ್ಕನ ಮಗಳು ಶಾಲೆಯ ಚೀಲದ ಸಮೇತ ಅಂಗಡಿಗೆ ಬಂದಳು. ಹನ್ನೆರಡು ವರ್ಷ, ಅಪ್ಪನದೇ ಹುಬ್ಬು.

"ಬೋರ್ಡು ಕಾಣಿಸ್ತಿಲ್ಲ ಮಾಮ."

ಅವನು ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಪರೀಕ್ಷೆಯ ಭಾರವಾದ ಫ್ರೇಮು ಮೂಗಿಗೇರಿಸಿ, ಗಾಜುಗಳನ್ನು ಒಂದೊಂದಾಗಿ ಬದಲಾಯಿಸಿದ. "ಇದು ಚೆನ್ನಾಗಿದ್ಯಾ, ಅದಾ?" ಎಂದು ಕೇಳುತ್ತ ಹೋದ. ಅವಳು ಕೊನೆಯ ಸಾಲನ್ನೂ ಓದಿದಳು. ಆಮೇಲೆ ಫ್ರೇಮು ತೆಗೆಯದೆಯೇ ಹೇಳಿದಳು:

"ನಾವು ಶನಿವಾರ ಹೋಗ್ತಿದ್ದೀವಿ ಮಾಮ. ಅಮ್ಮಂಗೆ ಬೇರೆ ಊರಿನ ಆಸ್ಪತ್ರೇಲಿ ಕೆಲಸ ಸಿಕ್ಕಿದೆ. ನಿಂಗೆ ಹೇಳ್ಬೇಡ ಅಂದಿದಾಳೆ."

"ಹೌದಾ."

"ನೀನು ಬಂದು ಬೇಡ ಅಂತ ಹೇಳು."

ಅವನು ಅವಳ ಮೂಗಿನಿಂದ ಫ್ರೇಮು ತೆಗೆದು, ಗಾಜುಗಳನ್ನು ಒರೆಸಿ ಡಬ್ಬಿಯ ಗೂಡುಗಳಿಗೆ ಸೇರಿಸಿದ. "ನಾಳೆ ಸಂಜೆ ಬಾ. ಕನ್ನಡಕ ರೆಡಿ ಇರುತ್ತೆ," ಎಂದ. ಮರುದಿನ ಅವಳು ಬಂದು ಹಾಕಿಕೊಂಡು ನೋಡಿ ಹೊರಟುಹೋದಳು.

ಶನಿವಾರ ಅವನು ಅಂಗಡಿಯ ಬಾಗಿಲನ್ನು ಅರ್ಧ ಮಾತ್ರ ಎತ್ತಿ, ಒಳಗೆ ಕೂತಿದ್ದ. ಅಕ್ಕನ ಮನೆ ಅಲ್ಲಿಂದ ನಡೆದರೆ ಕಾಲು ಗಂಟೆ. ಹತ್ತಾಯಿತು, ಹನ್ನೊಂದಾಯಿತು. ಲಾರಿಯ ಸದ್ದಾದಾಗಲೆಲ್ಲ, ಅವರ ಸಾಮಾನಿನದೇನೋ ಎಂದು ತಲೆಯೆತ್ತುತ್ತಿದ್ದ. ಹನ್ನೆರಡರ ಹೊತ್ತಿಗೆ ಮುದುಕರೊಬ್ಬರು ಬಗ್ಗಿ ಒಳಬಂದು, ಕಡ್ಡಿ ಕಳಚಿಬಿದ್ದ ಕನ್ನಡಕವನ್ನು ಮೇಜಿನ ಮೇಲಿಟ್ಟು, ಇವತ್ತು ಅಂಗಡಿ ಇದೆಯೋ ಇಲ್ಲವೋ ಎಂದು ಕೇಳಿದರು. ಇದೆ, ಕೂತ್ಕೊಳ್ಳಿ ಎಂದು ಅವನು ಸಣ್ಣ ಸ್ಕ್ರೂ ಹುಡುಕತೊಡಗಿದ.