ಉಗುಳಿಸಿಕೊಂಡ ಗಾಜು

ನಾನು ನೀರೊಳಗೆ ನೋಡಲು ಹಾಕಿಕೊಳ್ಳುವ ಮಾಸ್ಕ್. ಯಾವುದೋ ಕಾರ್ಖಾನೆಯಲ್ಲಿ ಗಾಜಿಗೂ ರಬ್ಬರಿಗೂ ಗಂಟುಬಿದ್ದು ಹುಟ್ಟಿದೆ. ಅಂಗಡಿಯಲ್ಲಿ ಮಿಂಚುತ್ತ ಕುಳಿತಿದ್ದ ನನ್ನನ್ನು ಪಾಂಡುರಂಗ ಖಾರ್ವಿ ಅಂಡಮಾನಿನ ಪುಟ್ಟ ದ್ವೀಪವೊಂದಕ್ಕೆ ಒಯ್ದ. ಅವನು ಕುಮಟಾ ಕಡೆಯವನು; ಪ್ರವಾಸಿಗರನ್ನು ನೀರಿಗಿಳಿಸಿ ಹವಳ, ಮೀನು ತೋರಿಸುವುದು ಅವನ ಕಸುಬು. ಹೆಂಡತಿ ನಾವ್ ಪೋ, ಬರ್ಮಾದಿಂದ ಬಂದು ನೆಲೆಸಿದ ಕರೆನ್ ಜನರವಳು. ಮೊದಲ ದಿನವೇ ಖಾರ್ವಿ ನನ್ನೊಳಗೆ ಉಗುಳಿ, ಬೆರಳಿನಿಂದ ಸವರಿ, ಸಮುದ್ರದಲ್ಲಿ ಅದ್ದಿದ. ಹಾಗೆ ಮಾಡಿದರೆ ಗಾಜಿಗೆ ಆವಿ ಕಟ್ಟುವುದಿಲ್ಲವಂತೆ. ಅಂದಿನಿಂದ ಊರೂರಿನ ಪ್ರವಾಸಿಗರು ನನಗೆ ಉಗುಳಿದರು. ಅವರ ಮೇಲೆ ನನಗೆ ಪ್ರೀತಿ ಹುಟ್ಟಲಿಲ್ಲ. ಹವಳ ತುಳಿದು ಫೋಟೊ ತೆಗೆಸಿಕೊಂಡವರ ಮೂಗನ್ನು ಬೇಕೆಂದೇ ಹಿಂಡಿದ್ದೇನೆ.

ಒಮ್ಮೆ ಹುಬ್ಬಳ್ಳಿಯಿಂದ ರುದ್ರಗೌಡರು ಹೆಂಡತಿ ನಾಗವೇಣಿಯೊಂದಿಗೆ ಬಂದರು.

"ನೀ ದಂಡ್ಯಾಗ ಕುಂದ್ರು. ಬಾವ್ಯಾಗ ಬಗ್ಗಿ ನೋಡಾಕೂ ಹೆದರ್ತಿ," ಎಂದರು ಗೌಡರು.

"ಮೀನ ನೋಡಬೇಕಂತನ ಇಷ್ಟು ದೂರ ಬಂದೀನ್ರಿ. ಒಂದು ಸಲ."

"ನಾ ನೋಡಿ ಬಂದು ಹೇಳ್ತೀನಿ, ಕೇಳುವಂತಿ."

"ಮದುವ್ಯಾದಾಗಿಂದ ಬರೇ ಕೇಳ್ಕೋತನ ಬಂದೀನಿ."

ಗೌಡರು ಕೇಳದವರಂತೆ ನನ್ನನ್ನು ಎತ್ತಿಕೊಂಡರು.

"ಒಳಗೆ ಒಂಚೂರು ಉಗುಳಿ, ಗೌಡ್ರೇ," ಎಂದ ಖಾರ್ವಿ.

"ಮಂದಿ ಉಗುಳಿದ್ದರಾಗ ನಾ ಉಗುಳ್ಲೇನು? ಒರೆಸಿ ಕೊಡು."

ಒಣಗಾಜಿನಲ್ಲೇ ನೀರಿಗಿಳಿದರು. ನಾಲ್ಕು ಉಸಿರಿಗೆ ಆವಿ ಕಟ್ಟಿತು. ಕಣ್ಣು ಕಾಣದೆ ಗೌಡರು ಕೈಕಾಲು ಬಡಿದರು, ಖಾರ್ವಿಯ ಕೆನ್ನೆ ಪರಚಿದರು, ನನ್ನ ಪಟ್ಟಿ ಹರಿದರು. ನೀರು ಅವರ ಸೊಂಟದ ಮಟ್ಟಕ್ಕಿತ್ತು.

"ಎಂಥಾ ಡಬ್ಬಾ ಸಾಮಾನ ಕೊಟ್ಟೀಯಲೇ," ಎಂದು ನನ್ನನ್ನು ಮರಳಿಗೆ ಎಸೆದು, ಹೆಂಡತಿಯತ್ತ ತಿರುಗಿದರು. "ಏಳು, ಹೋಟೆಲಿಗೆ ಹೋಗೂಣು. ಇಲ್ಲಿ ನೋಡೂವಂಥಾದ್ದು ಏನೂ ಇಲ್ಲ."

ನಾಗವೇಣಿ ಎದ್ದಳು. ನನ್ನನ್ನು ಎತ್ತಿ ಮರಳು ತೊಳೆದಳು. ಆಮೇಲೆ ಉಗುಳಿದಳು. ಅಷ್ಟು ಮನಸ್ಸಿಟ್ಟು ನನಗೆ ಯಾರೂ ಉಗುಳಿರಲಿಲ್ಲ. ಉಗುಳುವಾಗ ಅವಳ ಕಣ್ಣು ನನ್ನ ಮೇಲಿರಲಿಲ್ಲ, ಗೌಡರ ಮೇಲಿತ್ತು.

ಪಟ್ಟಿ ಇಲ್ಲದ ನನ್ನನ್ನು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡು, ನೀರಿಗೆ ಮುಖವಿಟ್ಟಳು. ಹವಳದ ಸಂದಿನಿಂದ ಹಳದಿ ಪಟ್ಟೆಯ ಮೀನೊಂದು ಬಂದು ಗಾಜಿಗೆ ಮೂತಿ ತಾಗಿಸಿತು. ಉಸಿರಿಗೆಂದು ತಲೆ ಎತ್ತುವಳು, ಮತ್ತೆ ಬಗ್ಗುವಳು. ದಂಡೆಯಿಂದ ಗೌಡರು ಕೂಗುತ್ತಲೇ ಇದ್ದರು.

ಹಿಂದಿರುಗಿಸುವಾಗ ನನ್ನ ತಳದಲ್ಲಿ ನೀರು ನಿಂತಿತ್ತು.

"ಸೋರ್ತಾ ಅಕ್ಕಾ?" ಎಂದ ಖಾರ್ವಿ.

"ಇಲ್ಲಪ್ಪ," ಎಂದಳು.

ನಿಜ, ನಾನು ಸೋರಿರಲಿಲ್ಲ.

ಪಟ್ಟಿ ಹರಿದ ನಾನು ಈಗ ಖಾರ್ವಿಯ ಹೆಂಡತಿ ನಾವ್ ಪೋಳ ಅಡುಗೆಮನೆಯ ಮೊಳೆಗೆ ತೂಗಿಕೊಂಡಿದ್ದೇನೆ. ಈರುಳ್ಳಿ ಹೆಚ್ಚುವಾಗ ದಾರ ಕಟ್ಟಿ ಹಾಕಿಕೊಳ್ಳುತ್ತಾಳೆ. ಯಾರೂ ಉಗುಳುವುದಿಲ್ಲ; ಮರ್ಯಾದೆಯ ಬದುಕು. ಆದರೆ ಒಲೆಯ ಹಬೆಗೆ ಗಾಜು ಮಬ್ಬಾದಾಗಲೆಲ್ಲ, ನನ್ನನ್ನು ಶುಭ್ರವಾಗಿ ಒರೆಸಿದವರು ಯಾರೂ ನೆನಪಾಗುವುದಿಲ್ಲ. ನಾಗವೇಣಿ ನೆನಪಾಗುತ್ತಾಳೆ.